ದೋನ್ಯಾ ಗೌದಿ ಹುಡುಕಿದ್ದು

"ಪೀ... ಪೀ-ಪೀ-ಪೀ-ಪೀ!"

ಪಾಳುಬಿದ್ದ ಹಳೆಯ ಮಾಯಾ ನಗರದ ಬಾಗಿಲಲ್ಲಿ ಆ ಕೂಗು ಎದ್ದಾಗ ಭಾನುವಾರ ಬೆಳಗಿನ ಎಂಟು ಗಂಟೆ. ಟಿಕೆಟ್ ಕಿಟಕಿಯ ಹಿಂದೆ ಮೇಯುತ್ತಿದ್ದ ಮೂರು ಟರ್ಕಿ ಕೋಳಿಗಳು ಕತ್ತೆತ್ತಿ ಓಡಿ ಬಂದವು. ಅವುಗಳ ಬೆನ್ನಿಗೇ, ಕೈಚೀಲದ ಅಂಗಡಿಗಳ ಮುಂದೆ ಚದುರಿಹೋಗಿದ್ದ ನಮ್ಮ ಮೂವರು ಪ್ರವಾಸಿ ಅಕ್ಕತಂಗಿಯರೂ ಓಡಿ ಬಂದರು.

"ನೋಡಿದ್ರಾ?" ಎಂದಳು ದೋನ್ಯಾ ಗೌದಿ. "ಒಂದ್ಸಲ ಕೂಗಿದ್ರೆ ಸಾಕು. ಕೋಳಿಗೂ ಗೊತ್ತಾಗತ್ತೆ, ಗ್ವಾದಲಹಾರ ಪಟ್ಟಣದವ್ರಿಗೂ ಗೊತ್ತಾಗತ್ತೆ."

ಮೂವರಲ್ಲಿ ಹಿರಿಯವಳಾದ ಓತಿಲಿಯಾ ಏದುಸಿರು ಬಿಡುತ್ತ ಕೇಳಿದಳು: "ಯಾವ್ದು ಕೋಳಿ, ಯಾವ್ದು ನಾವು ಅಂತ ಗುರುತು ಹತ್ತತ್ತಾ ನಿಮಗೆ?"

"ಹತ್ತದೆ ಏನು? ಕೋಳಿ ಚೌಕಾಸಿ ಮಾಡಲ್ಲ."

ಅಕ್ಕತಂಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗುಂಪಿನ ನಾಲ್ಕನೆಯವರು ನಗಲಿಲ್ಲ. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಸೋಪಿನ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದಂಥ ಹಲ್ಲು, ಎದೆಗೆ ಒತ್ತಿಕೊಂಡ ರಟ್ಟಿನ ಮೇಲೆ ಒಂದು ಅಚ್ಚಾದ ಹಾಳೆ. ಅವರು ಅದರಲ್ಲಿ ಏನೋ ಬರೆದುಕೊಂಡರು. ವ್ಯಾನು ಓಡಿಸುವ ನಾನು ಅದರ ಬಾಗಿಲು ಹಾಕುವ ನೆಪದಲ್ಲಿ ಹಿಂದಿನಿಂದ ಬಗ್ಗಿ ನೋಡಿದೆ. 'ಪ್ರವಾಸಿಗರನ್ನು ಕರೆಯುವ ರೀತಿ: ಅನುಚಿತ.'

ಅವರು ಅರಿಸ್ಮೆಂದಿ ಸಾಹೇಬರು. ರಾಜಧಾನಿಯಿಂದ ಬಂದ ಪರೀಕ್ಷಕರು. ಮಾರ್ಗದರ್ಶಕರ ಹಳೆಯ ಪರವಾನಗಿ ಬಿಲ್ಲೆಗಳೆಲ್ಲ ಆ ತಿಂಗಳ ಕೊನೆಗೆ ರದ್ದು, ಹೊಸ ಬಿಲ್ಲೆ ಬೇಕಾದವರು ಬರೆಯುವ ಪರೀಕ್ಷೆ ದಾಟಬೇಕು, ಆಮೇಲೆ ಪರೀಕ್ಷಕರು ಒಂದು ಇಡೀ ದಿನ ಜೊತೆಗಿದ್ದು ನೋಡಬೇಕು ಎಂದು ನಿಯಮ ಬಂದಿತ್ತು. ಬರೆಯುವುದನ್ನು ಗೌದಿ ಹೇಗೋ ದಾಟಿದ್ದಳು. ಉಳಿದದ್ದು ಈ ದಿನ. ಸಂಜೆಯೊಳಗೆ ಆ ಹಾಳೆಯ ಕೆಳಗೆ ಒಂದು ಸಹಿ ಬಿದ್ದರೆ ಅವಳು ಮಾರ್ಗದರ್ಶಕಿ. ಬೀಳದಿದ್ದರೆ ಮುಂದಿನ ತಿಂಗಳಿಂದ ಅದೇ ಬಾಗಿಲಿನ ಹೊರಗೆ ಚಾಪೆ ಹಾಸಿ ಕಸೂತಿಯ ಕರವಸ್ತ್ರ ಮಾರಬೇಕು.

"ಸೂಜಿಗೆ ಕಣ್ಣಿದೆ, ಬಾಯಿಲ್ಲ, ಕೊಂಪಾದ್ರೆ," ಎಂದು ಹಿಂದಿನ ದಿನ ನನ್ನೊಡನೆ ಹೇಳಿದ್ದಳು. "ಇಡೀ ದಿನ ಅದರ ಜೊತೆ ಹೇಗೆ ಕೂತ್ಕೊಳ್ಳೋದು ಹೇಳಿ."

ಅವಳು ನನ್ನ ಮಗಳ ಧರ್ಮತಾಯಿ; ಹಾಗಾಗಿ ಅವಳು ನನ್ನ ಕೊಮಾದ್ರೆ, ನಾನು ಅವಳ ಕೊಂಪಾದ್ರೆ. ಚಿಕ್ಕಂದಿನಲ್ಲಿ ಒಟ್ಟಿಗೆ ಸೀಬೆಹಣ್ಣು ಕದ್ದವರು, ಏಕವಚನದಲ್ಲೇ ಬೈದಾಡಿಕೊಂಡವರು. ನನ್ನ ಮಗಳಿಗೆ ಮೂರು ತಿಂಗಳು ತುಂಬಿದಾಗ ಅವಳನ್ನು ಮೊದಲ ಬಾರಿ ಸೊಂಟದ ಮೇಲೆ ಕೂರಿಸಿಕೊಂಡು ಮನೆಯ ಸುತ್ತ ಒಂಬತ್ತು ಸುತ್ತು ಬಂದವಳು ಗೌದಿ. ಹೆಣ್ಣುಮಗುವಿಗೆ ಈ ಶಾಸ್ತ್ರ ಮೂರನೆಯ ತಿಂಗಳೇ ಆಗಬೇಕು, ಒಲೆಗೆ ಮೂರು ಕಲ್ಲಲ್ಲವೇ. ಆ ದಿನದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಬಹುವಚನ. ಬೈಗುಳ ಮಾತ್ರ ಹಾಗೆಯೇ ಉಳಿಯಿತು, ಅದಕ್ಕೂ ಈಗ ಬಹುವಚನ ಹತ್ತಿದೆ.

ಪೂರ್ತಿ ಹೆಸರು ಗೌದೆನ್ಸಿಯಾ ಉಯ್ಕಾಬ್; ದೋನ್ಯಾ ಎಂದರೆ ನಮ್ಮಲ್ಲಿ 'ಅಮ್ಮಾವ್ರು' ಎಂದ ಹಾಗೆ. ಐವತ್ತೆಂಟು ವರ್ಷ. ಗಿಡ್ಡ ಆಳು, ಅಗಲ ಪಾದ, ಎದೆಯ ಮೇಲೆ ಕೆಂಪು ಹೂಗಳ ಕಸೂತಿಯಿರುವ ಬಿಳಿ ಹಿಪಿಲ್ ನಿಲುವಂಗಿ. ಈ ಹಳೆಯ ನಗರವನ್ನು ಅಗೆಯಲು ಜನ ಬಂದಾಗ ಅವಳ ಅಪ್ಪ ಪೊದೆ ಕಡಿಯುವ ಕೆಲಸಕ್ಕೆ ಸೇರಿದ್ದ, ಅಮ್ಮ ಅಡಿಗೆಗೆ. ಏಳು ವರ್ಷದ ಗೌದಿ ಸೋರೆಬುರುಡೆಯಲ್ಲಿ ನೀರು ಹೊತ್ತು ಗುಂಡಿಯಿಂದ ಗುಂಡಿಗೆ ಓಡಾಡುತ್ತಿದ್ದಳು. ಊಟದ ಹೊತ್ತಿಗೆ ಅಗೆಯುವವರು ವಾದ ಮಾಡುತ್ತಿದ್ದರು: ಈ ಗೋಡೆ ಮೊದಲಿನದೋ, ಆ ನೆಲ ಮೊದಲಿನದೋ. ಬಡಿಸುತ್ತ ಬಡಿಸುತ್ತ ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಹತ್ತೊಂಬತ್ತು ವರ್ಷದ ಹಿಂದೆ ಒಂದು ದಿನ, ಪಟ್ಟಣದಿಂದ ಬಂದ ಮಾರ್ಗದರ್ಶಕನೊಬ್ಬ ನಮ್ಮ ಹಬನೇರೊ ಮೆಣಸಿನಕಾಯಿಯನ್ನು ಹುಡುಗಾಟಕ್ಕೆ ಕಚ್ಚಿ ನೆಲಕ್ಕೆ ಕೂತುಬಿಟ್ಟ. ಮೂವತ್ತು ಜನ ಬಿಸಿಲಲ್ಲಿ ನಿಂತಿದ್ದರು. ಬಾಗಿಲ ಬಳಿ ರೊಟ್ಟಿ ಸುಡುತ್ತಿದ್ದ ಗೌದಿ ಕೈಯ ಹಿಟ್ಟನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು. ಅಂದು ಎದ್ದವಳು ಮತ್ತೆ ರೊಟ್ಟಿಯ ಹೆಂಚಿನ ಮುಂದೆ ಕೂತಿಲ್ಲ. ಮನೆಯಲ್ಲಿ ಅವಳ ಗಂಡ ಲಾಸರೊ ಜೇನು ಸಾಕುತ್ತಾನೆ. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ತನ್ನ ಪಾಲಿನದನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟಿದ್ದಾನೆ ಎಂದು ಊರಿನವರು ಆಡಿಕೊಳ್ಳುತ್ತಾರೆ.

ನಾವು ಒಳಗೆ ನಡೆದೆವು. ಮರಗಳ ನಡುವೆ ಬಿಳಿಯ ಕಲ್ಲುದಾರಿ, ಅದರ ತುದಿಯಲ್ಲಿ ದೊಡ್ಡ ಗೋಪುರ, ಅದರ ಮೂಲೆಗಳಲ್ಲಿ ಕಲ್ಲಲ್ಲಿ ಕೆತ್ತಿದ ಉದ್ದ ಮೂಗಿನ ಮಳೆದೇವರು.

"ಇವ್ರ ಮೂಗು ಯಾಕಿಷ್ಟು ಉದ್ದ?" ಎಂದಳು ಓತಿಲಿಯಾಳ ತಂಗಿ.

"ನೀರಿನ ವಾಸನೆ ಹಿಡಿಯೋಕೆ," ಎಂದಳು ಗೌದಿ. "ನಮ್ಮ ನೆಲದ ಮೇಲೆ ಒಂದು ನದಿ ಇಲ್ಲ, ಒಂದು ಹಳ್ಳ ಇಲ್ಲ. ಎಲ್ಲಾ ಕೆಳಗೆ ಹರಿಯತ್ತೆ, ಕತ್ತಲಲ್ಲಿ. ಮೂಗು ಉದ್ದ ಇಲ್ದೋರು ಇಲ್ಲಿ ಬಾಳೋಕಾಗಲ್ಲ."

"ಅಧಿಕೃತ ವಿವರಣೆಯಲ್ಲಿ ಅದಿಲ್ಲ," ಎಂದರು ಸಾಹೇಬರು.

"ಇಲ್ಲ ಸಾಹೇಬ್ರೇ. ಅದನ್ನ ಬರೆದೋರ ಮೂಗು ಗಿಡ್ಡ ಇರ್ಬೇಕು."

ನಾನು ಕಣ್ಣು ಮುಚ್ಚಿಕೊಂಡೆ. ಇವಳ ನಾಲಿಗೆಯೇ ಇವಳಿಗೆ ಶತ್ರು. ಆದರೆ ನಿಜವಾದ ಪೆಟ್ಟು ಬಿದ್ದದ್ದು ಗೋಪುರದ ಬುಡದಲ್ಲಿ.

"ಇಲ್ಲೇ, ಈ ಮೆಟ್ಟಿಲ ಕೆಳಗೆ, ನಮ್ಮಪ್ಪ ಒಂದು ಹಸಿರು ಮಣಿ ಹುಡುಕಿದ್ರು. ಜೋಳದ ಕಾಳಷ್ಟು."

"ಸಿಕ್ತೋ?" ಎಂದರು ಸಾಹೇಬರು.

"ಹುಡುಕಿದ್ರು, ಸಾಹೇಬ್ರೇ."

"ಹುಡುಕಿದ್ರು, ಸರಿ. ಸಿಕ್ತೋ ಇಲ್ವೋ?"

"ಅದೇ ಹೇಳ್ತಿದೀನಲ್ಲ, ಹುಡುಕಿದ್ರು ಅಂತ! ಎರಡು ದಿನ ಹುಡುಕಿದ್ರು, ಹುಡುಕ್ಲಿಲ್ಲ. ಮೂರನೇ ದಿನ ಹುಡುಕಿದ್ರು. ಈಗ ಮ್ಯೂಸಿಯಮ್ಮಲ್ಲಿ ಗಾಜಿನ ಡಬ್ಬೀಲಿದೆ."

ಸಾಹೇಬರ ಪೆನ್ನು ಗಾಳಿಯಲ್ಲೇ ನಿಂತಿತು. "ಎರಡು ದಿನ ಹುಡುಕಿದ್ರು, ಹುಡುಕ್ಲಿಲ್ಲ?"

"ಹೂಂ. ಪಾಪ, ಬೆನ್ನು ಮುರಿಯೋ ಹಾಗೆ ಹುಡುಕಿದ್ರು. ಹುಡುಕ್ಲೇ ಇಲ್ಲ."

ಇದು ನಮ್ಮ ಊರುಗಳ ತಪ್ಪು. ನಮ್ಮ ಮಾಯಾ ಮಾತಿನಲ್ಲಿ ಹುಡುಕುವುದಕ್ಕೂ ಸಿಗುವುದಕ್ಕೂ ಒಂದೇ ಪದ. ಒಂದು ತುದಿಯಲ್ಲಿ ಕೈ ಚಾಚುವುದು, ಇನ್ನೊಂದು ತುದಿಯಲ್ಲಿ ಕೈಗೆ ಬರುವುದು. ನಡುವೆ ಗೆರೆ ಎಳೆಯಬೇಕೆಂದು ನಮ್ಮ ಹಿರಿಯರಿಗೆ ತೋಚಲಿಲ್ಲ. ಆಮೇಲೆ ಸ್ಪ್ಯಾನಿಷ್ ಬಂತು. ಅದನ್ನೂ ನಾವು ಅದೇ ಹಳೆಯ ಮಡಕೆಗೆ ಸುರಿದುಕೊಂಡೆವು. ನಮ್ಮಲ್ಲಿ ಬೀಗದ ಕೈ ಕಳೆದವನು 'ಹುಡುಕಿದೆ, ಹುಡುಕಲಿಲ್ಲ' ಎಂದರೆ ಪಕ್ಕದ ಮನೆಯವನು ಸುತ್ತಿಗೆ ತೆಗೆದುಕೊಂಡು ಬರುತ್ತಾನೆ. ಹೊರಗಿನವರಿಗೆ ಮಾತ್ರ ತಲೆ ತಿರುಗುತ್ತದೆ.

ಸಾಹೇಬರು ಕೆಟ್ಟವರಲ್ಲ. ಮುಚ್ಚಿಡದೆ ಹೇಳಿದರು: "ದೋನ್ಯಾ, ಹುಡುಕೋದು ಬೇರೆ, ಸಿಗೋದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದ ಮಾರ್ಗದರ್ಶಕಿಯನ್ನ ಜನ ಹೇಗೆ ನಂಬಬೇಕು? ಭಾಷೆಗೆ ಇಪ್ಪತ್ತಕ್ಕೆ ಆರು ಕೊಟ್ಟಿದೀನಿ. ಹೀಗೇ ಹೋದ್ರೆ ಪಾಸಾಗೋಕೆ ಬೇಕಾದ ಎಪ್ಪತ್ತು ಮುಟ್ಟೋದು ಕಷ್ಟ."

"ಆರಾ?" ಎಂದಳು ಗೌದಿ. ಅಷ್ಟೇ ಎಂದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಒಂದೇ ಪದದಲ್ಲಿ ಮಾತು ಮುಗಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಈಜಲು ಸೆನೋತೆ ಎಂಬ ನೀರಗುಹೆಯ ಕಡೆ ವ್ಯಾನು ಹೊರಟಾಗ ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಹಿಂದೆ ಅಕ್ಕತಂಗಿಯರು ಹಾಡುತ್ತಿದ್ದರು. ಅಂದು ಓತಿಲಿಯಾಳಿಗೆ ಎಪ್ಪತ್ತು ತುಂಬಿತ್ತು.

"ಬಿಡಿ ಕೊಮಾದ್ರೆ," ಎಂದೆ ಮೆಲ್ಲಗೆ. "ಇನ್ನು ಮೇಲೆ ಹುಡುಕೋ ಸುದ್ದಿಗೇ ಹೋಗ್ಬೇಡಿ. ಬೇರೆ ಏನಾದ್ರೂ ಹೇಳಿ."

"ಹೌದೌದು. ನೀವು ಬ್ರೇಕ್ ಮುಟ್ಟದೆ ವ್ಯಾನು ಓಡಿಸಿ, ನಾನು ಹುಡುಕದೆ ಮಾತಾಡ್ತೀನಿ."

"ಕೋಪ ನನ್ನ ಮೇಲೆ ಯಾಕೆ?"

"ಮತ್ಯಾರ ಮೇಲೆ ಮಾಡ್ಲಿ? ಅವರ ಕೈಲಿ ಪೆನ್ನಿದೆ. ನಿಮ್ಮ ಕೈಲಿ ಬರೀ ಸ್ಟೇರಿಂಗು."

ನಾನು ನಕ್ಕೆ. ಅವಳೂ ನಕ್ಕಳು. ಆದರೆ ಕೊರಳಲ್ಲಿದ್ದ ಹಳೆಯ ರಟ್ಟಿನ ಬಿಲ್ಲೆಯನ್ನು ದಾರಿಯುದ್ದಕ್ಕೂ ಹೆಬ್ಬೆರಳಿನಿಂದ ಸವರುತ್ತಲೇ ಇದ್ದಳು.

ಕಾಡಿನ ನಡುವೆ ನೆಲ ಬಾಯಿ ತೆರೆದಂಥ ಜಾಗ ಅದು. ಅರುವತ್ತು ಮೆಟ್ಟಿಲು ಇಳಿದರೆ ಗುಹೆ, ಗುಹೆಯ ತುಂಬ ನೀರು. ಮೇಲಿನ ಮರಗಳು ಬಾಯಾರಿ ಬೇರುಗಳನ್ನು ಕೂದಲಿನಂತೆ ಕೆಳಗೆ ಬಿಟ್ಟಿವೆ. ಚಾವಣಿಯ ತೂತಿನಿಂದ ಬಿಸಿಲಿನ ಒಂದು ಕೋಲು ನೇರ ಇಳಿದು ನೀರಿನ ತಳದವರೆಗೂ ಹೋಗುತ್ತದೆ. ಅಲ್ಲಿಯ ಬಿಳಿಯ ಕಲ್ಲುಗಳನ್ನು ಮೇಲೆ ನಿಂತೇ ಎಣಿಸಬಹುದು. ಗೋಡೆಯ ಸಂದಿನಲ್ಲಿ ತೋಹ್ ಹಕ್ಕಿ ಕೂತು ತನ್ನ ಉದ್ದನೆಯ ಬಾಲವನ್ನು ಗಡಿಯಾರದ ಲೋಲಕದಂತೆ ಆಡಿಸುತ್ತಿತ್ತು.

ಗೌದಿ ಮೊದಲ ಮೆಟ್ಟಿಲಲ್ಲಿ ನಿಂತು, ಸೋರೆಬುರುಡೆಯಲ್ಲಿ ತಂದಿದ್ದ ಜೋಳದ ಗಂಜಿಯನ್ನು ನಾಲ್ಕು ದಿಕ್ಕಿಗೆ ಚಿಮುಕಿಸಿ, ಒಳಗಿನ ಒಡೆಯರಲ್ಲಿ ಮಾಯಾ ಮಾತಿನಲ್ಲಿ ಅಪ್ಪಣೆ ಕೇಳಿದಳು.

"ಇದು ವಿವರಣೆಯಲ್ಲಿ ಇದೆಯಾ?" ಎಂದರು ಸಾಹೇಬರು.

"ಇಲ್ಲ ಸಾಹೇಬ್ರೇ. ಬಾಗಿಲು ತಟ್ಟಿ ಒಳಗೆ ಹೋಗಿ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದ್ರೂ ತಟ್ತೀವಲ್ಲ?"

ಸಾಹೇಬರು ಪೆನ್ನು ಎತ್ತಿದರು. ಬರೆಯಲಿಲ್ಲ.

ಅಕ್ಕತಂಗಿಯರು ಮೈ ತೊಳೆದುಕೊಂಡು, ಲೈಫ್ ಜಾಕೆಟ್ ಬಿಗಿದುಕೊಂಡು, ಕಟ್ಟೆಯ ಮೇಲೆ ಸಾಲಾಗಿ ನಿಂತರು. ಎಪ್ಪತ್ತರ ಓತಿಲಿಯಾ ಮೊದಲು ಹಾರಿದಳು. ಗುಹೆಯ ತುಂಬ ಅವಳ ಕಿರುಚಾಟ, ಅದರ ಮರುದನಿ, ಮರುದನಿಗೆ ತಂಗಿಯರ ನಗು. ನೀರಿನ ಮೇಲೆ ತೇಲುತ್ತ ಅವಳು ಕೂಗಿದಳು:

"ಸಾಹೇಬ್ರೇ! ಅಲ್ಲಿ ನಿಂತ್ಕೊಂಡು ನೀರಿಗೂ ಅಂಕ ಹಾಕ್ತಿದೀರಾ?"

"ನಾನು ಕೆಲಸದ ಮೇಲೆ ಬಂದಿದೀನಿ, ಸೆನ್ಯೋರಾ."

"ನಾನೂ ಕೆಲಸದ ಮೇಲೇ ಬಂದಿರೋದು. ಎಪ್ಪತ್ತಾಗೋದು ಅಂದ್ರೆ ಸಣ್ಣ ಕೆಲಸವಾ? ಬನ್ನಿ, ಬನ್ನಿ! ಇಳಿದು ನೋಡದೆ ಪರೀಕ್ಷೆ ಹೇಗೆ ಮಾಡ್ತೀರಿ?"

ಸೆಕೆ ಅಷ್ಟಿತ್ತು, ನೀರು ಅಷ್ಟು ನೀಲಿಯಿತ್ತು. ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಚಡ್ಡಿ ಇದೆಯೇ ಎಂದು ಕೇಳಿದರು. ವ್ಯಾನಿನಲ್ಲಿದ್ದ ನನ್ನದನ್ನೇ ಕೊಟ್ಟೆ. ಜಾಕೆಟ್ ಹಾಕಿಕೊಂಡು ಕಟ್ಟೆಯ ಅಂಚಿಗೆ ಬಂದವರು ಒಮ್ಮೆ ಕೆಳಗೆ ನೋಡಿದರು, ಒಮ್ಮೆ ಚಾವಣಿ ನೋಡಿದರು. ಆಮೇಲೆ, ಅವರೊಳಗೆ ಎಷ್ಟೋ ವರ್ಷದಿಂದ ಕೂತಿದ್ದ ಒಬ್ಬ ಹುಡುಗ ಅವರನ್ನು ಹಿಂದಿನಿಂದ ದೂಡಿದಂತೆ, ಬಾಯಿ ಅಗಲಿಸಿ "ಹೋ..." ಎಂದು ಕೂಗುತ್ತ ಹಾರಿದರು.

ಮುಳುಗಿದರು. ಎದ್ದರು. ಎದ್ದಾಗ ಮುಖದಲ್ಲಿ ದೊಡ್ಡ ನಗುವಿತ್ತು. ಮರುಕ್ಷಣ ಅದು ಮಾಯವಾಗಿ, ಕೈ ಬಾಯಿಗೆ ಹೋಯಿತು. ಒಂದೇ ಕೈಯಲ್ಲಿ ನೀರು ತಳ್ಳುತ್ತ ಏಣಿಯ ಬಳಿ ಬಂದು ಗೌದಿಯನ್ನು ಕಣ್ಣಲ್ಲೇ ಕರೆದರು.

"ದೋನ್ಯಾ... ಹಫ್ಫು," ಎಂದರು ಬೆರಳಸಂದಿಯಿಂದ.

"ಹಬ್ಬಾನಾ? ಹೌದು ಸಾಹೇಬ್ರೇ, ಓತಿಲಿಯಾ ಅವ್ರದ್ದು. ಹುಟ್ಟುಹಬ್ಬ."

"ಅಲ್ಲ! ಹಫ್ಫು! ನನ್ನ ಹಫ್ಫು ಬಿಫ್ಫೋಯ್ತು!"

ಕೈ ತೆಗೆದರು. ಕಟ್ಟಿಸಿದ ಹಲ್ಲು, ಆ ಸೋಪಿನ ಬಿಲ್ಲೆಗಳ ಮೇಲಿನ ಸಾಲು, ಪೂರ್ತಿ ಇಲ್ಲ. ಮೇಲ್ತುಟಿ ಬಾಗಿಲಿಲ್ಲದ ಮನೆಯ ಪರದೆಯಂತೆ ಒಳಕ್ಕೆ ಬಿದ್ದಿತ್ತು.

ಗೌದಿ ನಗಲಿಲ್ಲ. ನಗದಿರಲು ಅವಳು ಪಟ್ಟ ಕಷ್ಟ ನನಗೆ ಮಾತ್ರ ಗೊತ್ತು, ಕಿವಿಗಳು ಕೆಂಪಾದವು. ತಿರುಗಿ ನನಗೆ ಹೇಳಿದಳು: "ಕೊಂಪಾದ್ರೆ, ಇವರನ್ನ ಆ ಕಡೆ ಕರ್ಕೊಂಡ್ ಹೋಗಿ. ಕುರುಡು ಮೀನು ತೋರಿಸಿ. ನಿಧಾನಕ್ಕೆ ತೋರಿಸಿ."

ನಾನು ಅಕ್ಕತಂಗಿಯರನ್ನು ಆಚೆಯ ಬಂಡೆಗೆ ಕರೆದೊಯ್ದೆ. ಆದರೆ ಗುಹೆಯಲ್ಲಿ ಪಿಸುಮಾತು ಕೂಡ ಎದುರು ಗೋಡೆಗೆ ತಟ್ಟಿ ದೊಡ್ಡದಾಗಿ ಬರುತ್ತದೆ. ನಾವು ನಾಲ್ವರೂ ನೀರಿಗೆ ಮುಖ ಬಗ್ಗಿಸಿ, ಇಲ್ಲದ ಮೀನನ್ನು ನೋಡುತ್ತ, ಒಂದು ಮಾತೂ ಬಿಡದೆ ಕೇಳಿಸಿಕೊಂಡೆವು.

ಗೌದಿ ಹಿಪಿಲ್ ಕಳಚಿ ಒಳಲಂಗವನ್ನು ಎದೆಗೆ ಬಿಗಿದು ಕಟ್ಟಿದಳು. ಬಿಲ್ಲೆಯನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಆಮೇಲೆ ಸದ್ದಿಲ್ಲದೆ ಒಳಗೆ ಜಾರಿದಳು. ಮೇಲಿನಿಂದ ನೋಡಿದರೆ ಬಿಸಿಲುಕೋಲಿನ ಸುತ್ತ ಒಂದು ಬಿಳಿಯ ಹೂ ಅರಳುತ್ತ ಇಳಿಯುತ್ತಿದ್ದಂತೆ ಕಾಣುತ್ತಿತ್ತು. ಈ ನೀರಿನಲ್ಲೇ ಅವಳ ಅಮ್ಮ ಅವಳಿಗೆ ಈಜು ಕಲಿಸಿದ್ದು. ಐವತ್ತೆಂಟು ವರ್ಷ ಅವಳ ಮಂಡಿಗಳಿಗಿತ್ತು, ನೀರಿಗೆ ಅದು ಗೊತ್ತಿರಲಿಲ್ಲ.

ಬಹಳ ಹೊತ್ತಾದ ಮೇಲೆ ಮೇಲೆ ಬಂದಳು. "ಹುಡುಕ್ಲಿಲ್ಲ ಸಾಹೇಬ್ರೇ."

"ಮಫ್ಫೆ ಇಷ್ಟೊತ್ತು ಕೆಳಗೇನು ಮಾಡ್ತಿದ್ರಿ?" ಸಾಹೇಬರು ಏಣಿಯನ್ನು ತಬ್ಬಿ ಹಿಡಿದರು. "ಹುಡುಕಿ, ದೋನ್ಯಾ! ದಯವಿಟ್ಟು ಹುಡುಕಿ!"

"ಹುಡುಕ್ತಾನೇ ಇದ್ದೆ. ಹುಡುಕ್ಲಿಲ್ಲ."

"ಹುಡುಕ್ತಿದ್ರೋ ಇಲ್ವೋ?"

"ಹುಡುಕ್ತಿದ್ದೆ ಅಂದ್ನಲ್ಲ, ಹುಡುಕ್ಲಿಲ್ಲ!"

ಓತಿಲಿಯಾ ತನ್ನ ಬಾಯಿಗೆ ಟವೆಲ್ಲು ತುರುಕಿಕೊಂಡಳು.

ಗೌದಿ ಮತ್ತೆ ಮುಳುಗಿದಳು. ತಳದಲ್ಲಿ ಒಂದು ಕಲ್ಲಿನ ಹಾಸು, ಅದರ ಕೆಳಗೆ ಕೈ ಹಾಕುತ್ತಿರುವುದು ಕಂಡಿತು. ಗುಳ್ಳೆಗಳು ಸಾಲಾಗಿ ಎದ್ದವು. ಸಾಹೇಬರು ಏಣಿಯ ಮೆಟ್ಟಿಲಿನಲ್ಲಿ ಒದ್ದೆ ಕೋಳಿಮರಿಯಂತೆ ಮುದುರಿ ಕೂತಿದ್ದರು. ಆಗ ನೀರು ಒಡೆದು ಗೌದಿಯ ತಲೆ ಮೇಲೆ ಬಂತು, ಮುಷ್ಟಿ ಕಟ್ಟಿದ ಒಂದು ಕೈಯೂ ಬಂತು.

"ಹುಡುಕಿದೆ, ಸಾಹೇಬ್ರೇ!"

ಸಾಹೇಬರು ಮುಖ ಮುಚ್ಚಿಕೊಂಡರು. "ಗೊತ್ತು ದೋನ್ಯಾ, ಗೊತ್ತು. ನಿಮ್ಮ ಕೈಲಾದಷ್ಟು ಹುಡುಕಿದ್ರಿ. ಹೋಗ್ಲಿ ಬಿಡಿ. ಶನಿವಾರ ಮಗಳ ಮದುವೆ... ಫೋಟೋದಲ್ಲಿ ಬಾಯಿ ಮುಚ್ಕೊಂಡು ನಿಲ್ತೀನಿ."

"ಯಾಕೆ ಮುಚ್ಕೋಬೇಕು? ಹುಡುಕಿದೆ ಅಂತಿದೀನಲ್ಲ!"

"ಹುಡುಕಿದ್ರೆ ಫಾಕಾ? ಇನ್ನೊಂದೇ ಒಂದು ಫಲ... ಇನ್ನೊಂದು ಫಲ ಹುಡುಕ್ತೀರಾ?"

"ಒಂದ್ಸಲ ಹುಡುಕಿದ್ದನ್ನ ಇನ್ನೊಂದ್ಸಲ ಹೇಗೆ ಹುಡುಕೋದು?" ಗೌದಿಯ ತಾಳ್ಮೆ ಮುಗಿಯಿತು. "ಬೇಕಾದ್ರೆ ವಾಪಸ್ ಎಸೆದು ಮತ್ತೆ ಹುಡುಕ್ತೀನಿ!"

ಅವರ ಮೂಗಿನ ಕೆಳಗೆ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಹದಿನಾಲ್ಕು ಹಲ್ಲುಗಳು, ಆಗತಾನೆ ತೊಳೆದ ಜೋಳದ ತೆನೆಯಂತೆ.

ಸಾಹೇಬರು ಹಲ್ಲನ್ನು ನೋಡಿದರು, ಅವಳನ್ನು ನೋಡಿದರು. ಎತ್ತಿಕೊಂಡು, ಗೋಡೆಯ ಕಡೆ ತಿರುಗಿ, ತೊಳೆದು ಹಾಕಿಕೊಂಡರು. ಇತ್ತ ತಿರುಗಿದಾಗ ಮುಖ ಮತ್ತೆ ಅಧಿಕಾರಿಯದಾಗಿತ್ತು.

"ಸಿಕ್ತು ಅನ್ಬೇಕಿತ್ತು ನೀವು," ಎಂದರು.

"ಅದನ್ನೇ ಅಂದಿದ್ದು ನಾನು."

ಆಗ ಅವರು ನಕ್ಕರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಮನುಷ್ಯ. ನಗುತ್ತ ಒಂದು ಕೈಯಿಂದ ಬಾಯಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು. ಬಂಡೆಯ ಆಚೆಯಿಂದ ಅಕ್ಕತಂಗಿಯರ ಚಪ್ಪಾಳೆ ಎದ್ದಿತು.

"ಕುರುಡು ಮೀನು ಸಿಕ್ತಾ?" ಎಂದು ಗೌದಿ ಅವರನ್ನು ಕೇಳಿದಳು.

"ಹುಡುಕಿದ್ವಿ, ಹುಡುಕ್ಲಿಲ್ಲ!" ಎಂದಳು ಓತಿಲಿಯಾ.

ಊಟ ಗೌದಿಯ ಮನೆಯಲ್ಲಿ. ಬೇಯಿಸಿದ ಮೊಟ್ಟೆಯನ್ನು ರೊಟ್ಟಿಯಲ್ಲಿ ಸುತ್ತಿ, ಕುಂಬಳದ ಬೀಜದ ಹಸಿರು ಗೊಜ್ಜು ಸುರಿದ ಪಾಪಾದ್ಜೂಲ್. ಲಾಸರೊ ಒಂದು ಬಟ್ಟಲು ಜೇನು ತಂದಿಟ್ಟು, "ತಿನ್ನಿ," ಎಂದು ದಿನದ ಮೊದಲ ಮಾತಾಡಿ ಹೋದ. ಓತಿಲಿಯಾ ತೂಗುಮಂಚದಲ್ಲಿ ಕಾಲು ಚಾಚಿ, ಎಪ್ಪತ್ತು ವರ್ಷದಲ್ಲಿ ಇಂಥ ಹುಟ್ಟುಹಬ್ಬ ಆಗಿರಲಿಲ್ಲ ಎಂದಳು. ಎರಡನೆಯ ಸಲ ಬಡಿಸಿಕೊಂಡ ಸಾಹೇಬರು ತಟ್ಟೆ ಸರಿಸಿ, ಹಾಳೆಯನ್ನು ಮೇಜಿನ ಮೇಲಿಟ್ಟು, ಪೆನ್ನು ತೆಗೆದರು.

"ದೋನ್ಯಾ, ಇಲ್ಲೇ ಸಹಿ ಹಾಕ್ಬಿಡ್ತೀನಿ. ಆ ಭಾಷೆಯ ಆರನ್ನೂ ತಿದ್ತೀನಿ."

ಗೌದಿ ಕೈಯಲ್ಲಿದ್ದ ರೊಟ್ಟಿಯ ಬುಟ್ಟಿಯನ್ನು ಸೀದಾ ಹಾಳೆಯ ಮೇಲಿಟ್ಟಳು.

"ಬೇಡ ಸಾಹೇಬ್ರೇ."

ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ.

"ಕೊಂಪಾದ್ರೆ, ಕಾಲು ತುಳೀಬೇಡಿ," ಎಂದಳು ಎಲ್ಲರಿಗೂ ಕೇಳುವಂತೆ. "ಸಾಹೇಬ್ರೇ, ಹಲ್ಲು ತೆಗೆದೋಳು ಮಾರ್ಗದರ್ಶಕಿ ಅಲ್ಲ. ಆ ನೀರಲ್ಲಿ ಬೆಳೆದ ಹುಡುಗಿ. ಅವಳಿಗೆ ಬಿಲ್ಲೆ ಬೇಡ. ಮಾರ್ಗದರ್ಶಕಿಗೆ ಬೇಕು. ಅವಳ ಕೆಲಸ ಇನ್ನೂ ಅರ್ಧ ಬಾಕಿ ಇದೆ. ಕೈಗಳ ಕೋಣೆ ನೋಡಿಲ್ಲ ನೀವು. ಅಲ್ಲಿ ನಾನು ಹೇಳೋದನ್ನ ಕೇಳಿ. ಕೇಳಿ, ಹಾಕೋ ಹಾಗಿದ್ರೆ ಹಾಕಿ. ಇಲ್ಲಾಂದ್ರೆ ಬಿಡಿ."

"ಕೇಳಿದ ಮೇಲೆ ಹಾಕದೇ ಇರಬಹುದು ನಾನು."

"ಗೊತ್ತು. ಇನ್ನೊಂದು ರೊಟ್ಟಿ ಹಾಕ್ಲಾ?"

ಮೂರು ಗಂಟೆಗೆ ನಾವು ಮತ್ತೆ ಹಳೆಯ ನಗರದಲ್ಲಿದ್ದೆವು. ಗೋಪುರದ ಹಿಂದೆ ಯಾರೂ ಹೆಚ್ಚು ಹೋಗದ ಒಂದು ಕಟ್ಟಡ, ಬಗ್ಗಿ ಹೋಗಬೇಕಾದ ಬಾಗಿಲು, ಒಳಗೆ ತಂಪು. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಗೋಡೆಯ ಮೇಲೆ ಕೈಗಳು ಒಂದೊಂದಾಗಿ ಕಾಣಿಸುತ್ತವೆ. ಕೆಂಪು ಬಣ್ಣದಲ್ಲಿ ಅದ್ದಿ ಒತ್ತಿದ ಅಂಗೈಗಳು. ಕೆಲವು ಎತ್ತರದಲ್ಲಿ, ಹೆಚ್ಚಿನವು ಎದೆಯ ಮಟ್ಟದಲ್ಲಿ.

ಗೌದಿ ದನಿ ತಗ್ಗಿಸಿದಳು. "ಇದು ಕಂಡ ದಿನ ನಾನೂ ಇಲ್ಲೇ ಇದ್ದೆ. ನೀರಿನ ಬುರುಡೆ ಹಿಡ್ಕೊಂಡು. ಅಗೆಯೋರು ಓಡಾಡಿ ಅಳತೆ ತಗೊಂಡ್ರು, ಚಿತ್ರ ಬರ್ಕೊಂಡ್ರು, ಯಾವುದೋ ಪೂಜೆಗೆ ಒತ್ತಿದ್ದು ಅಂತ ತೀರ್ಮಾನ ಮಾಡಿದ್ರು. ಅಷ್ಟರಲ್ಲಿ ಊಟ ತಂದ ನಮ್ಮಮ್ಮ ಬಂದು ನಿಂತ್ಲು. ಅವಳಿಗೆ ಓದ್ಲಿಕ್ಕೆ ಬರ್ತಿರ್ಲಿಲ್ಲ. ಮುಟ್ಟದೆ, ಹೀಗೆ, ತನ್ನ ಕೈಯನ್ನ ಗೋಡೆ ಹತ್ತಿರ ತಂದ್ಲು. ನೀವೂ ತನ್ನಿ. ಮುಟ್ಬೇಡಿ."

ಎಲ್ಲರೂ ಅಂಗೈ ಎತ್ತಿದರು.

"ನಮ್ಮಮ್ಮ ಹೇಳಿದ್ಲು: ಇವು ಹೆಂಗಸರ ಕೈ. ಕಿರುಬೆರಳು ಹೊರಗೆ ಬಾಗಿದೆ ನೋಡಿ, ರೊಟ್ಟಿ ತಟ್ಟಿ ತಟ್ಟಿ ಹಾಗಾಗತ್ತೆ. ಪೂಜೆಯೋ ಏನೋ ನನಗೊತ್ತಿಲ್ಲ, ಆದ್ರೆ ಇವ್ರು ಇಡೀ ದಿನ ಈ ಗೋಡೆಗೆ ಸುಣ್ಣ ಮೆತ್ತಿದ್ದಾರೆ, ಸಂಜೆ ಕೆಲಸ ಮುಗೀತು ಅಂತ ಒಬ್ಬೊಬ್ಬಳೂ ಒಂದೊಂದು ಕೈ ಒತ್ತಿ ನಗ್ತಾ ಮನೆಗೆ ಹೋಗಿದ್ದಾರೆ. ಅಗೆಯೋರು ನಕ್ಕುಬಿಟ್ರು. ನಮ್ಮಮ್ಮನೂ ನಕ್ಲು. ಆಮೇಲೆ ಅವರಿಗೆಲ್ಲ ಬೀನ್ಸ್ ಕಾಳು ಬಡಿಸಿದ್ಲು."

ಓತಿಲಿಯಾಳ ಕೈ ಒಂದು ಕೆಂಪು ಕೈಯ ಮುಂದೆ ನಿಂತಿತ್ತು. ಅದೇ ಅಳತೆ, ಅದೇ ಬಾಗಿದ ಕಿರುಬೆರಳು. ಅವಳು ನಲವತ್ತು ವರ್ಷ ದಾದಿಯಾಗಿದ್ದವಳು, ಸುಲಭಕ್ಕೆ ಕಣ್ಣೊದ್ದೆ ಮಾಡುವವಳಲ್ಲ. ಬಹಳ ಮೆಲ್ಲಗೆ ಕೇಳಿದಳು: "ಇವಳು ಯಾರು, ದೋನ್ಯಾ?"

"ಇನ್ನೂ ಹುಡುಕಿಲ್ಲ," ಎಂದಳು ಗೌದಿ.

ನಾನು ಸಾಹೇಬರ ಪೆನ್ನನ್ನು ನೋಡಿದೆ. ಅದು ಜೇಬಿನಲ್ಲಿತ್ತು. ಅವರೂ ಅಂಗೈ ಎತ್ತಿ ನಿಂತಿದ್ದರು. ಗೋಡೆಯ ಕೈಗಿಂತ ಅವರದು ದೊಡ್ಡದು. ಪಕ್ಕದ್ದಕ್ಕೆ ಸರಿದು ನೋಡಿದರು, ಅದೂ ಚಿಕ್ಕದು. ಮೂರನೆಯದಕ್ಕೆ ಸರಿದರು.

ಹೊರಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಗರದ ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತು ಸಾಹೇಬರು ಹಾಳೆ ತುಂಬಿಸಿದರು. ಗೌದಿ ಎದುರಿಗೆ ನಿಂತಿದ್ದಳು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ. ಅಕ್ಕತಂಗಿಯರು ನನ್ನ ಎರಡೂ ತೋಳು ಹಿಡಿದುಕೊಂಡಿದ್ದರು.

"ಭಾಷೆಗೆ ಆರನ್ನೇ ಇಟ್ಟಿದೀನಿ," ಎಂದರು ಸಾಹೇಬರು ತಲೆಯೆತ್ತದೆ. "ನಿಯಮ ಅಂದ್ರೆ ನಿಯಮ."

"ಇರ್ಲಿ," ಎಂದಳು ಗೌದಿ.

"ಕೂಗೋ ರೀತಿಗೆ ಸೊನ್ನೆ."

"ಇರ್ಲಿ."

"ಇಲ್ಲೊಂದು ಕಾಲಂ ಇದೆ, ಕೊನೇದು. 'ಪುಸ್ತಕದಲ್ಲಿ ಇಲ್ಲದ, ಸ್ಥಳದ ತಿಳಿವಳಿಕೆ.' ಇಪ್ಪತ್ತೈದು ಅಂಕ. ಇಲ್ಲಿವರೆಗೆ ನಾನು ಯಾರಿಗೂ ಹತ್ತರ ಮೇಲೆ ಕೊಟ್ಟಿಲ್ಲ." ಕೂಡಿಸಿದರು. ಇನ್ನೊಮ್ಮೆ ಕೂಡಿಸಿದರು. "ಎಪ್ಪತ್ಮೂರು."

ಸಹಿ ಹಾಕಿದರು. ಉದ್ದನೆಯ ಸಹಿ, ಕೊನೆಯಲ್ಲಿ ಬಾಲ ಬೇರೆ.

ಓತಿಲಿಯಾ ನನ್ನ ಕೆನ್ನೆಗೆ ಮುತ್ತಿಟ್ಟಳು. ಗೌದಿ ದೂರದಲ್ಲಿದ್ದಳೆಂದು ನನಗೆ ಬಿತ್ತು. ಗೌದಿ ಎರಡೂ ಕೈಯಲ್ಲಿ ಮುಖ ಮುಚ್ಚಿ, ತೆಗೆದು, ಮತ್ತೆ ಮುಚ್ಚಿಕೊಂಡಳು. "ಮಾರೆ!" ಎಂದಳು, ನಮ್ಮವರು ಏನೂ ಹೇಳಲು ತೋಚದಾಗ ಹೇಳುವಂತೆ. "ಮಾರೆ, ಮಾರೆ!"

ಸಾಹೇಬರು ಮತ್ತೆ ಅಧಿಕಾರಿಯಾದರು. "ಈಗ ಸರಿಯಾಗಿ ಕೇಳಿಸ್ಕೊಳ್ಳಿ. ಬಿಲ್ಲೆಗೆ ಫೋಟೋ ಬೇಕು. ಎರಡು ಪ್ರತಿ. ಹಿಂದೆ ಬಿಳಿ ಗೋಡೆ. ಎರಡೂ ಕಿವಿ ಕಾಣ್ಬೇಕು. ನಗಬಾರದು."

"ನಗಬಾರದಾ? ಹತ್ತೊಂಬತ್ತು ವರ್ಷದಿಂದ ನಗ್ತಾನೇ..."

ಅವಳ ಮಾತು ಅಲ್ಲೇ ನಿಂತಿತು. ಸಾಹೇಬರ ಭುಜದ ಆಚೆ ಏನನ್ನೋ ನೋಡುತ್ತಿದ್ದಳು. ಹಗ್ಗ ಕಟ್ಟಿದ ಗೇಟಿನ ಹೊರಗೆ ಒಂದು ಮೂರು ಗಾಲಿಯ ಸೈಕಲ್ಲು ಬಂದು ನಿಂತಿತ್ತು. ಅದರ ಮುಂದಿನ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿದ ಹಿಪಿಲ್ ತೊಟ್ಟ ಮುದುಕಿ, ಪಕ್ಕದಲ್ಲಿ ಅವಳ ಸೊಸೆ, ಹಿಂದೆ ತುಳಿದು ಬೆವತ ಮಗ. ಪಕ್ಕದ ಊರಿನವರು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಭಾನುವಾರ ನಮ್ಮವರು ಒಳಗೆ ಹೋಗಲು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲವೇನೋ. ಇಳಿಯಲೂ ಆಗದೆ, ತಿರುಗಲೂ ಆಗದೆ, ಅದು ಬೇರೆಯವರ ಮನೆಯೆಂಬಂತೆ ಹಗ್ಗದಾಚೆಯಿಂದ ಗೋಪುರವನ್ನು ನೋಡುತ್ತಿದ್ದರು. ಕಾವಲುಗಾರ ಗಡಿಯಾರ ನೋಡಿ ಗೇಟು ಮುಚ್ಚಲು ಹೊರಟಿದ್ದ.

"ಆಮೇಲೆ ಫೋಟೋದ ಹಿಂದೆ ಹೆಸರು ಬರೀಬೇಕು," ಎನ್ನುತ್ತಿದ್ದರು ಸಾಹೇಬರು, "ದೊಡ್ಡ ಅಕ್ಷರದಲ್ಲಿ, ತಂದೆಯ ಮನೆತನ ಮೊದಲು, ತಾಯಿಯ ಮನೆತನ ಆಮೇಲೆ. ಹದಿನೈದನೇ ತಾರೀಕಿನ ಒಳಗೆ. ಅದನ್ನ ನೀವೇ ಖುದ್ದಾಗಿ... ದೋನ್ಯಾ? ಖುದ್ದಾಗಿ ತಂದು ಕೊಡ್ಬೇಕು, ದೋನ್ಯಾ..."

ಅವಳು ಆಗಲೇ ಕಾವಲುಗಾರನನ್ನು ದಾಟಿ, ಒಂದು ಕೈಯಲ್ಲಿ ಹಗ್ಗ ಎತ್ತುತ್ತ, ನಮ್ಮ ಮಾತಿನಲ್ಲಿ, ನಾವು ಕುಶಲ ವಿಚಾರಿಸುವ ಹಾಗೆ, ಆ ಮುದುಕಿಯನ್ನು "ನಿಮ್ಮ ದಾರಿ ಹೇಗಿದೆ, ತಾಯಿ?" ಎಂದು ಕೇಳುತ್ತ ನಡೆದುಬಿಟ್ಟಿದ್ದಳು.